ಲೆಪರ್ಡ್ ಆಮೆ ಮರಿಗಳ ಚಿಪ್ಪು ಇನ್ನೂ ಮೆತ್ತಗಿದೆ, ಎಲ್ಲಾ ಸರಿಯಾಗಿ ಮಾಡಿದರೂ!!

ಚುಕ್ಕೆಚಿಪ್ಪು: ತಲೆ ಕೆಟ್ಟುಹೋಗಿದೆ. ಮೊಟ್ಟೆಗಳನ್ನು 30 ಡಿಗ್ರಿಯಲ್ಲಿಟ್ಟು ಐದು ತಿಂಗಳು ಕಾದಿದ್ದೆ, ಆರು ಮರಿ ಬಂದವು. ಈಗ ಅವಕ್ಕೆ ನಾಲ್ಕು ತಿಂಗಳು. ಎರಡರ ಚಿಪ್ಪು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ. ಒಂದಂತೂ ಹೊಟ್ಟೆ ಎಳೆದುಕೊಂಡೇ ನಡೆಯುತ್ತದೆ. ಯುವಿಬಿ ಟ್ಯೂಬ್ (ಬಿಸಿಲಲ್ಲಿರುವ ನೇರಳಾತೀತ ಕಿರಣ ಕೊಡುವ ದೀಪ) ಹೊಸದು, ಕ್ಯಾಲ್ಸಿಯಂ ಪುಡಿ ಹಾಕುತ್ತೇನೆ, ದಿನಾ ಉಗುರುಬೆಚ್ಚಗಿನ ನೀರಲ್ಲಿ ಕೂರಿಸುತ್ತೇನೆ. ಇನ್ನೇನು ಮಾಡಲಿ?

ಹಳೇಕೈ: ತೇವಾಂಶ ಎಷ್ಟು? ಅದೇ ಇರುತ್ತದೆ ನೋಡಿ. ಮುಳ್ಳಿನ ಮೀಟರ್ ಆದರೆ ಕಿತ್ತು ಬಿಸಾಕಿ. ಡಿಜಿಟಲ್ ಪ್ರೋಬನ್ನು ಮರಿಗಳ ಬೆನ್ನಿನ ಎತ್ತರಕ್ಕೆ ಇಡಿ. ಶೇಕಡಾ 80 ಬರಬೇಕು.

ಚುಕ್ಕೆಚಿಪ್ಪು: 82. ಡಿಜಿಟಲ್ಲೇ.

ಹಳೇಕೈ: ಅದು ಯಾವ ಮೂಲೆಯದು? ಬಲ್ಬಿನ ಕೆಳಗೆ ಒಣಗಿರುತ್ತದೆ.

ಒಣಹುಲ್ಲು: ಎಲ್ಲದಕ್ಕೂ ತೇವಾಂಶ ಅಂತೀರಲ್ಲ ಸರ್. ಅದು ಕಮ್ಮಿಯಾದರೆ ಚಿಪ್ಪು ಗುಡ್ಡ ಗುಡ್ಡವಾಗಿ ಏಳುತ್ತದೆ, ಮೆತ್ತಗಾಗಲ್ಲ. ಅಷ್ಟಕ್ಕೂ ಇವು ಆಫ್ರಿಕಾದ ಒಣ ಹುಲ್ಲುಗಾವಲಿನವು.

ಹಳೇಕೈ: ದೊಡ್ಡವು ಒಣನೆಲ ತಡೆಯುತ್ತವೆ, ಮರಿಗಳ ಕಥೆ ಬೇರೆ. ನಾನು ಮುಚ್ಚಿದ ಪೆಟ್ಟಿಗೆಯಲ್ಲಿ, ಎರಡು ಥರ್ಮೋಸ್ಟಾಟ್ ಇಟ್ಟು, ರಾತ್ರಿಯೂ 27 ಡಿಗ್ರಿಗಿಂತ ಇಳಿಯದ ಹಾಗೆ ಬೆಳೆಸಿದ್ದರ ಬೆನ್ನು ತೊಳೆದ ತಟ್ಟೆ ಥರ ನುಣ್ಣಗಿದೆ. ಫೋಟೋ ಬೇಕಾ?

ಒಣಹುಲ್ಲು: ನಿಮ್ಮದು ಬೇಡ ಸರ್, ಮೂರು ಸಲ ನೋಡಿದ್ದೇವೆ. ಚುಕ್ಕೆಚಿಪ್ಪು ಅವರೇ, ನಿಮ್ಮ ಪೆಟ್ಟಿಗೆಯದು ಹಾಕಿ. ಉಳಿದ ನಾಲ್ಕು ಗಟ್ಟಿ ಇವೆಯಾ?

ಚುಕ್ಕೆಚಿಪ್ಪು: ಕಲ್ಲಿನ ಹಾಗಿವೆ. ಅವನ್ನು ಬೆಳಗ್ಗೆ ಸ್ವಲ್ಪ ಹೊತ್ತು ಹೊರಗೆ ಹುಲ್ಲಿನ ಮೇಲೆ ಬಿಡುತ್ತೇನೆ. ಈ ಎರಡು ಸಣ್ಣವು, ಕಾಗೆ ಭಯ ಅಂತ ಒಳಗೇ ಇಟ್ಟಿದ್ದೇನೆ. ಫೋಟೋ ಹಾಕಿದ್ದೇನೆ.

ಒಣಹುಲ್ಲು: ಇದನ್ನು ಮೊದಲೇ ಹೇಳೋದಲ್ವಾ! ಟ್ಯೂಬಿನ ಕೆಳಗೆ ಹೊಳೀತಿರೋದು ಏನು?

ಚುಕ್ಕೆಚಿಪ್ಪು: ಗಾಜು. ಜಾಲರಿಯಿಂದ ತೇವಾಂಶ ಹೋಗುತ್ತದೆ, ಮುಚ್ಚಿ ಅಂತ ಇಲ್ಲೇ ಹೇಳಿದ್ದರು.

ಒಣಹುಲ್ಲು: ಗಾಜಿನಲ್ಲಿ ಬೆಳಕು ದಾಟುತ್ತದೆ, ಯುವಿಬಿ ದಾಟುವುದಿಲ್ಲ. ಯುವಿಬಿ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಆಗಲ್ಲ, ಡಿ3 ಇಲ್ಲದೆ ನೀವು ಎಷ್ಟು ಪುಡಿ ಉದುರಿಸಿದರೂ ಕ್ಯಾಲ್ಸಿಯಂ ಮೈಗೆ ಹಿಡಿಯಲ್ಲ. ಆ ನಾಲ್ಕಕ್ಕೆ ಬಿಸಿಲು ಸಿಕ್ಕಿತು, ಇವಕ್ಕಿಲ್ಲ. ಟ್ಯೂಬನ್ನು ಗಾಜಿನ ಕೆಳಗೆ, ಪೆಟ್ಟಿಗೆಯ ಒಳಗೆ ಕಟ್ಟಿ, ಎತ್ತರ ಡಬ್ಬಿ ಮೇಲೆ ಬರೆದಷ್ಟೇ ಇರಲಿ. ಹೊಟ್ಟೆ ಎಳೆಯುವ ಮರಿಯನ್ನು ಮಾತ್ರ ಸರೀಸೃಪ ನೋಡುವ ಡಾಕ್ಟರಿಗೆ ಇವತ್ತೇ ತೋರಿಸಿ. ಚಿಪ್ಪು ಒತ್ತಿ ನೋಡೋದು ನಿಲ್ಲಿಸಿ.

ಹಳೇಕೈ: ಮುಚ್ಚಿ ಅಂತ ಹೇಳಿದ್ದು ನಾನೇ. ಟ್ಯೂಬ್ ಮೇಲಿಡಿ ಅಂತ ಹೇಳಿರಲಿಲ್ಲ.

ಚುಕ್ಕೆಚಿಪ್ಪು: ಡಾಕ್ಟರ್ ಎಕ್ಸ್‌ರೇ ತೆಗೆದರು, ಮೂಳೆ ತೆಳ್ಳಗಿದೆ ಅಂದರು. ಔಷಧಿ ಶುರುವಾಗಿದೆ. ಇವತ್ತಿನ ತೂಕ 36 ಗ್ರಾಂ. ದಾಸವಾಳದ ಎಲೆ ಒಂದು ಕಚ್ಚಿದ, ಅಷ್ಟೇ.

ಹಳೇಕೈ: ಒಳ್ಳೇದು. ಬಲ್ಬಿನ ಕೆಳಗೆ ತೇವಾಂಶ ಎಷ್ಟು ಅಂತ ಇನ್ನೂ ಹೇಳಲೇ ಇಲ್ಲ.