‘ಎರೆಹುಳು’ ಪದದಲ್ಲಿರುವ ‘ಎರೆ’ ಯಾವುದು?

ಮಾನ್ಯರೇ,

ನಾನು ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ನಮ್ಮ ಆರನೆಯ ತರಗತಿಯ ಮಕ್ಕಳು ಕೈತೋಟದ ಮೂಲೆಯಲ್ಲಿ ಒಂದು ಅಡಿ ಚೌಕದ ನೆಲವನ್ನು ಅರ್ಧ ಅಡಿ ಆಳಕ್ಕೆ ಅಗೆದು, ಆ ಮಣ್ಣನ್ನು ಬಿಳಿ ಬಟ್ಟೆಯ ಮೇಲೆ ಹರವಿ, ಅದರೊಳಗಿದ್ದ ಇರುವೆ, ಗೆದ್ದಲು, ಗೊಬ್ಬರದ ಹುಳು, ಎರೆಹುಳುಗಳನ್ನು ಬೇರ್ಪಡಿಸಿ ಎಣಿಸುತ್ತಿದ್ದರು. ಆಗ ಹುಡುಗಿಯೊಬ್ಬಳು, “ಸರ್, ಇದು ಮಸಾರಿ ನೆಲ ಐತಿ, ಇಲ್ಲಿ ಎರಿಹುಳ ಹ್ಯಾಂಗ ಬಂತು?” ಎಂದು ಕೇಳಿದಳು.

ನಮ್ಮ ಕಡೆ ಎರೆ ಎಂದರೆ ಕಪ್ಪು ಮಣ್ಣು: ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬಿ ಕೂಡಿಕೊಳ್ಳುವ, ಹಿಂಗಾರಿ ಜೋಳ ಮತ್ತು ಕಡಲೆ ಬೆಳೆಯುವ ಹೊಲ. ಮಸಾರಿ ಎಂದರೆ ಸಜ್ಜೆ, ಶೇಂಗಾ ಬೆಳೆಯುವ ಕೆಂಪು ನೆಲ. ಆದ್ದರಿಂದ ಅವಳ ಕಿವಿಗೆ ಎರೆಹುಳು ಎಂಬುದು ‘ಎರೆಯಲ್ಲಿರುವ ಹುಳು’ ಎಂದೇ ಕೇಳಿಸಿತ್ತು. (‘ಎರೆಗೊಬ್ಬರ’ ಎಂದಾಗಲೂ ಎರೆಹೊಲಕ್ಕೆ ಹಾಕುವ ಗೊಬ್ಬರವೆಂದು ತಿಳಿಯಲು ಇಲ್ಲಿ ಅವಕಾಶವಿದೆ.) ಹುಳುವಿನ ಮಟ್ಟಿಗೆ ಉತ್ತರ ಸುಲಭ; ಅದು ಎರಡೂ ಬಗೆಯ ಮಣ್ಣಿನಲ್ಲಿ ಇರುತ್ತದೆ, ಒಣಗಿದಾಗ ಆಳಕ್ಕಿಳಿದು ತೇವ ಬಂದಾಗ ಮೇಲೇರುತ್ತದೆ. ಪದದ ಮಟ್ಟಿಗೆ ಅಷ್ಟು ಸುಲಭವಲ್ಲ.

ಎರೆಹುಳು ಎಂಬ ಮಾತು ಕಪ್ಪು ಮಣ್ಣೇ ಇಲ್ಲದ ಮಲೆನಾಡಿನಲ್ಲಿಯೂ ರೂಢಿಯಲ್ಲಿರುವುದರಿಂದ, ಇದು ಮಣ್ಣಿನ ಎರೆಯಲ್ಲ, ಗಾಳಕ್ಕೆ ಸಿಕ್ಕಿಸುವ ಎರೆ ಎಂದು ನನಗೆ ತೋರುತ್ತದೆ. ತೆಲುಗಿನಲ್ಲಿ ‘ಎರ’ ಎಂದರೆ ಗಾಳದ ಆಮಿಷ. ತಮಿಳಿನ ‘ಇರೈ’ ಹಕ್ಕಿ, ಪ್ರಾಣಿಗಳ ಆಹಾರವನ್ನೂ ಬೇಟೆಯನ್ನೂ ಹೇಳುತ್ತದೆ. ಮಳೆ ಎರೆದಾಗ ಹೊರಬರುವುದರಿಂದ ಈ ಹೆಸರು ಬಂತೆಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಆದರೆ ಸುರಿ ಎಂಬರ್ಥದ ಎರೆ ಹಳಗನ್ನಡದಲ್ಲಿ ಶಕಟರೇಫದ (ಸಾಮಾನ್ಯ ‘ರ’ಕಾರಕ್ಕಿಂತ ಬೇರೆಯಾದ, ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ) ‘ಎಱೆ’. ತಮಿಳಿನಲ್ಲಿಯೂ ಆ ಧಾತು ಬೇರೆಯೇ ಆಗಿರುವುದರಿಂದ ಆ ವಾದವನ್ನು ನಾನು ಒಪ್ಪಲಿಲ್ಲ.

ಉಳಿಯುವ ಪ್ರಶ್ನೆ ಒಂದೇ. ಆಮಿಷಕ್ಕೆ ಬಳಸಿದ್ದರಿಂದ ಹುಳುವಿಗೆ ಎರೆ ಎಂಬ ಹೆಸರು ಬಂತೇ, ಅಥವಾ ಹುಳುವಿನ ಹೆಸರೇ ಆಮಿಷಕ್ಕೆ ಹರಡಿತೇ? ತುಂಗಭದ್ರೆಯ ಹಿನ್ನೀರಿನಲ್ಲಾಗಲಿ, ರಾಯಚೂರಿನ ಕಡೆ ಕೃಷ್ಣೆಯಲ್ಲಾಗಲಿ ಗಾಳ ಹಾಕುವವರ ಮಾತನ್ನು ಬಲ್ಲವರು ದಯವಿಟ್ಟು ತಿಳಿಸಬೇಕು: ಹುಳುವಿನ ಬದಲು ಹಿಟ್ಟಿನ ಉಂಡೆಯನ್ನು ಸಿಕ್ಕಿಸಿದಾಗಲೂ ಅವರು ಅದನ್ನು ಎರೆ ಎಂದೇ ಕರೆಯುತ್ತಾರೆಯೇ?