ರೋಗಿಯನ್ನು ‘ಒಪ್ಪಿಸುವುದು’: ಈ ಪ್ರಯೋಗ ಸಲ್ಲುತ್ತದೆಯೇ?

ಮಾನ್ಯರೇ,

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮಾನಸಿಕ ತೊಂದರೆಯಿರುವವರನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸುವಾಗ ಪಾಲಿಸಬೇಕಾದ ಕ್ರಮವನ್ನು ಕುರಿತು, ಶುಶ್ರೂಷಕಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಅರ್ಥವಾಗುವಂತಹ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರ ಮುಖ್ಯ ಪದವೇ ಇನ್ನೂ ಇತ್ಯರ್ಥವಾಗಿಲ್ಲ.

ಆಸ್ಪತ್ರೆಯವರೆಲ್ಲ ಆಡುವ ಮಾತು ‘ರೆಫರ್ ಮಾಡುವುದು’. ರೋಗಿಯ ಮನೆಯವರು ಅದನ್ನೇ ‘ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು’ ಎನ್ನುತ್ತಾರೆ. ಎರಡೂ ಸಹಜವಾಗಿವೆ, ಆದರೆ ಎರಡರಲ್ಲೂ ಚೀಟಿ ಬರೆದಲ್ಲಿಗೆ ಕಳುಹಿಸಿದವರ ಕೆಲಸ ಮುಗಿದುಹೋಗುತ್ತದೆ. ರೋಗಿಯ ಜೊತೆಗೆ ಮಾಹಿತಿಯೂ ಹೊಣೆಯೂ ಇನ್ನೊಬ್ಬರ ಕೈಸೇರಿ, ಅವರು ಅದನ್ನು ವಹಿಸಿಕೊಂಡರೆಂದು ಖಚಿತವಾಗುವವರೆಗಿನ ಕ್ರಿಯೆಯಷ್ಟನ್ನೂ ಹೇಳುವ ಪದ ನನಗೆ ಬೇಕಾಗಿದೆ. ಉದಾಹರಣೆಗೆ, ಮನಸ್ಥಿತಿಯ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ಎಂಬ ಔಷಧ ಸೇವಿಸುತ್ತಿರುವವರಿಗೆ ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಥಯಾಝೈಡ್ ಮಾತ್ರೆ ಕೊಟ್ಟರೆ, ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ಕೈನಡುಕ, ವಾಂತಿಭೇದಿ, ತೂರಾಟ ಕಾಣಿಸಿಕೊಳ್ಳಬಹುದು. ಮೊದಲನೆಯದನ್ನು ಬರೆಯುವವರು ಮನೋವೈದ್ಯರು, ಎರಡನೆಯದನ್ನು ಬರೆಯುವವರು ಊರಿನ ಕೇಂದ್ರದ ವೈದ್ಯರು. ಇಬ್ಬರ ನಡುವೆ ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂಬ ಒಂದೇ ಸಾಲಿನ ಚೀಟಿ ಓಡಾಡಿದರೆ ಈ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಅಂದು ಸಂಜೆ ಕೇಂದ್ರದವರು ಫೋನು ಮಾಡಿ ‘ನಮ್ಮವರು ಬಂದಿದ್ದರೇ, ಏನು ಬರೆದಿರಿ?’ ಎಂದು ವಿಚಾರಿಸುವುದೂ ಆ ಪದದೊಳಗೆ ಬರಬೇಕು.

‘ಹಸ್ತಾಂತರ’ವು ಕೀಲಿಕೈ, ಚೆಕ್ಕು, ಅಧಿಕಾರಗಳಿಗೆ ಅಂಟಿಕೊಂಡ ಪದ. ‘ವರ್ಗಾವಣೆ’ ಎಂದೊಡನೆ ಸರ್ಕಾರಿ ನೌಕರರ ನೆನಪಾಗುತ್ತದೆ.

ಉಳಿದದ್ದು ‘ಒಪ್ಪಿಸು’. ಮದುವೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವನ್ನು ಕಂಡವರಿಗೆ ಇದರ ಬಲ ಗೊತ್ತು: ಕೊಡುವವರೂ ಪಡೆಯುವವರೂ ಎದುರುಬದುರು ನಿಂತು, ಇನ್ನು ಇವಳು ನಿಮ್ಮ ಮಗಳೆಂದು ಬಾಯಿಬಿಟ್ಟು ಹೇಳುತ್ತಾರೆ. ಆದರೆ ‘ಪೊಲೀಸರಿಗೆ ಒಪ್ಪಿಸಿದರು’ ಎಂಬುದೂ ಇದೇ ಕ್ರಿಯಾಪದ. ಮನೋವೈದ್ಯರೆಂದರೆ ಮೊದಲೇ ಅಳುಕುವವರ ಕಿವಿಗೆ ಆ ಅರ್ಥವೇ ಮೊದಲು ಬಿದ್ದೀತು. ಇದಕ್ಕಿಂತ ಕುತೂಹಲದ ತೊಡಕು ವ್ಯಾಕರಣದ್ದು. ‘ರೋಗಿಯನ್ನು ಒಪ್ಪಿಸಬೇಕು’ ಎಂದರೆ ರೋಗಿಯ ಮನವೊಲಿಸಬೇಕೆಂದೂ ಆಗುತ್ತದೆ, ಇನ್ನೊಬ್ಬರಿಗೆ ವಹಿಸಬೇಕೆಂದೂ ಆಗುತ್ತದೆ. ಕೈಪಿಡಿಗೆ ಎರಡೂ ಬೇಕು. ಮಾಹಿತಿಯ ಗೋಪ್ಯತೆ ರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳಿರುವಾಗ, ಯಾರಿಗೆ ಏನನ್ನು ತಿಳಿಸುತ್ತೇವೆಂದು ಅವರಿಗೆ ಹೇಳಿ ಒಪ್ಪಿಸಿದ ಬಳಿಕವೇ ಮನೋವೈದ್ಯರಿಗೆ ಒಪ್ಪಿಸುವುದು ಸರಿಯಾದ ಕ್ರಮ. ಶ್ಲೇಷೆ ಸೊಗಸಾಗಿದೆ, ಆದರೆ ಸೂಚನೆಗಳ ಪುಸ್ತಕದಲ್ಲಿ ಶ್ಲೇಷೆ ಇರಬಾರದು. ಆದ್ದರಿಂದ ಮೊದಲನೆಯದಕ್ಕೆ ‘ಒಪ್ಪಿಗೆ ಪಡೆಯುವುದು’ ಎಂದೂ ಎರಡನೆಯದಕ್ಕೆ ‘ವಹಿಸಿಕೊಡುವುದು’ ಎಂದೂ ಸದ್ಯಕ್ಕೆ ಬರೆದಿದ್ದೇನೆ. ‘ವಹಿಸಿಕೊಡು’, ‘ವಹಿಸಿಕೊಳ್ಳು’ ಎಂಬ ಜೋಡಿ ಸಿಗುವುದು ಇದರ ಲಾಭ.

 

ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಮನೋವೈದ್ಯರು ರೋಗಿಯನ್ನು ಊರಿನ ಕೇಂದ್ರಕ್ಕೇ ಮರಳಿಸುತ್ತಾರಲ್ಲ, ಅದಕ್ಕೆ ‘ಮರಳಿ ವಹಿಸುವುದು’ ಎಂದರೆ ಸಾಕೇ? 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಾಗ ಇಂತಹ ಮಾತುಗಳು ಬಳಕೆಗೆ ಬಂದೇ ಇರಬೇಕು. ಆ ಭಾಗದಲ್ಲಿ ಅಂದು ಕೆಲಸ ಮಾಡಿದವರು ತಮ್ಮ ನಡುವೆ ಏನೆನ್ನುತ್ತಿದ್ದರೆಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.