ಕಾಡಿಗೆ ಯಾರೂ ಗೊಬ್ಬರ ಹಾಕಲ್ಲ, ಆದರೂ ಅಷ್ಟು ಹಸಿರು ಹೇಗೆ?

ಪ್ರಶ್ನೆ (ಶಿರಸಿ ಕಡೆಯ ಸದಸ್ಯರು): ನಮಸ್ಕಾರ ಸರ್. ನಮ್ಮದು ಎರಡು ಎಕರೆ ಅಡಿಕೆ ತೋಟ, ಬೇಲಿ ದಾಟಿದರೆ ದಟ್ಟ ಕಾಡು. ಆ ಕಾಡಿಗೆ ಯಾರೂ ಒಂದು ಬುಟ್ಟಿ ಗೊಬ್ಬರ ಹಾಕಿದ್ದನ್ನು ನಾನು ನೋಡಿಲ್ಲ. ಆದರೂ ತಲೆ ಎತ್ತಿ ನೋಡಿದರೆ ಮರದ ತುದಿ ಕಾಣುವುದಿಲ್ಲ. ನಾನು ಪ್ರತಿ ವರ್ಷ ಸೊಪ್ಪು, ಕೊಟ್ಟಿಗೆ ಗೊಬ್ಬರ, ಪೊಟ್ಯಾಷ್ ಎಲ್ಲ ಹಾಕುತ್ತೇನೆ, ತೋಟ ಮಾತ್ರ ಸೊರಗಿದ ಹಾಗೇ ಇದೆ. ಕಾಡು ಬೆಳೆಸುವ ಮಣ್ಣು ಚೆನ್ನಾಗಿಯೇ ಇರಬೇಕಲ್ವಾ? ನಮ್ಮ ಬೆಟ್ಟದ ಧರೆ ಕಡಿದು ಹತ್ತು ಟ್ರ್ಯಾಲಿ ಮಣ್ಣು ತೋಟಕ್ಕೆ ಏರಿಸೋಣ ಅಂತಿದ್ದೇನೆ. ಏನಂತೀರಿ?

ಉತ್ತರ (ಮಣ್ಣು ವಿಜ್ಞಾನಿ): ಟ್ರ್ಯಾಲಿಗೆ ಹೇಳುವ ಮೊದಲು ಒಂದು ಕೆಲಸ ಮಾಡಿ. ಗುದ್ದಲಿ ತಗೊಂಡು ಬೆಟ್ಟದಲ್ಲಿ ಮರ ದಟ್ಟ ಇರುವ ಕಡೆ ಹೋಗಿ. ಮೇಲಿನ ಒಣ ದರಗು ಕೈಯಿಂದ ಸರಿಸಿ. ಅದರ ಕೆಳಗೆ ಅರ್ಧ ಕೊಳೆತ ಎಲೆ ಇರುತ್ತದೆ. ಅದರಲ್ಲಿ ಒಂದನ್ನು ನಿಧಾನಕ್ಕೆ ಮೇಲೆತ್ತಿ. ಸುಲಭವಾಗಿ ಬರುವುದಿಲ್ಲ. ಕೂದಲಿನಂಥ ಬೇರು ಎಲೆಗೆ ಅಂಟಿಕೊಂಡಿರುತ್ತದೆ, ಜೊತೆಗೆ ಬಿಳೀ ದಾರದ ಹಾಗೆ ಅಣಬೆಯ ಎಳೆಗಳು. ಎಲೆ ಪೂರ್ತಿ ಮಣ್ಣಾಗುವವರೆಗೂ ಮರ ಕಾಯುವುದಿಲ್ಲ, ಕೊಳೆಯುವಾಗಲೇ ಕೈ ಹಾಕುತ್ತದೆ. ಇನ್ನೂ ಕೆಳಗೆ ಅಗೆದರೆ ನಾಲ್ಕು ಬೆರಳು ಕಪ್ಪು ಮಣ್ಣು, ಆಮೇಲೆ ನಿಮ್ಮ ಧರೆಯಲ್ಲಿರುವ ಅದೇ ಕೆಂಪು ಮಣ್ಣು.

ಆ ಕೆಂಪು ಮಣ್ಣು ಬಡ ಮಣ್ಣು. ಸಾವಿರಾರು ವರ್ಷ ಮಳೆ ತೊಳೆದು ತೊಳೆದು ಅದರಲ್ಲಿದ್ದ ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂ ಹೊಳೆ ಸೇರಿವೆ. ಉಳಿದದ್ದು ಹೆಚ್ಚಾಗಿ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಗೊಬ್ಬರ ಹಿಡಿದಿಟ್ಟುಕೊಳ್ಳಲು ಶಕ್ತಿ ಇಲ್ಲದ ಜೇಡಿ.

ಹಾಗಾದರೆ ಕಾಡಿನ ಆಸ್ತಿ ಎಲ್ಲಿದೆ? ಮರದ ಮೈಯಲ್ಲಿ, ಎಲೆಯಲ್ಲಿ, ಬಿದ್ದ ದರಗಿನಲ್ಲಿ, ಮೇಲಿನ ಆ ನಾಲ್ಕು ಬೆರಳಿನಲ್ಲಿ. ಅದು ಒಂದು ಕಡೆ ನಿಲ್ಲುವುದೇ ಇಲ್ಲ. ಸಂತೆಯಲ್ಲಿ ಒಂದೇ ನೂರರ ನೋಟು ಬೆಳಗಿನಿಂದ ಸಂಜೆವರೆಗೆ ಹತ್ತು ಜನರ ಕೈ ದಾಟಿ ಹತ್ತೂ ಜನರ ವ್ಯಾಪಾರ ಮಾಡಿಸುತ್ತದಲ್ಲ, ಹಾಗೆ. ಮಳೆಕಾಡುಗಳಲ್ಲಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ಒಣ ಎಲೆ-ಕಡ್ಡಿ ಉದುರುತ್ತದೆ. ಬಿಸಿ ಮತ್ತು ತೇವ ಎರಡೂ ಇರುವುದರಿಂದ ಅದರಲ್ಲಿ ಬಹುಪಾಲು ವರ್ಷದೊಳಗೇ ಕೊಳೆಯುತ್ತದೆ. ಮರಗಳು ಜಿಪುಣವೂ ಹೌದು. ಎಲೆ ಉದುರಿಸುವ ಮೊದಲು ಅದರಲ್ಲಿರುವ ಸಾರಜನಕ, ರಂಜಕದಲ್ಲಿ ಅರ್ಧದಷ್ಟನ್ನು ವಾಪಸ್ ಎಳೆದುಕೊಳ್ಳುತ್ತವೆ.

ಎಷ್ಟು ಜಿಪುಣ ಅಂದರೆ, 1970ರ ದಶಕದಲ್ಲಿ ವೆನೆಜುವೆಲಾದ ಸಾನ್ ಕಾರ್ಲೋಸ್ ಡಿ ರಿಯೊ ನೀಗ್ರೊ ಎಂಬಲ್ಲಿ ಒಂದು ಪ್ರಯೋಗ ಮಾಡಿದರು. ಅಲ್ಲಿ ನೆಲದ ಮೇಲೆ ಬೇರುಗಳೇ ಚಾಪೆ ಹೆಣೆದ ಹಾಗಿವೆ. ಆ ಚಾಪೆಯ ಮೇಲೆ ವಿಕಿರಣದ ಗುರುತು ಇರುವ ಕ್ಯಾಲ್ಸಿಯಂ, ರಂಜಕ ಚಿಮುಕಿಸಿ, ಕೆಳಗೆ ಬಸಿದು ಬಂದ ನೀರು ಹಿಡಿದು ನೋಡಿದರು. ತಪ್ಪಿಸಿಕೊಂಡಿದ್ದು ಶೇ 0.1 ಮಾತ್ರ!

ಈಗ ನಿಮ್ಮ ತೋಟ. ಕಾಯಿ ಹೊರಗೆ ಹೋಯಿತು. ಸಿಪ್ಪೆ ಎಲ್ಲಿ ಹೋಯಿತು? ಸೋಗೆ, ಹಾಳೆ? ಮಳೆಗಾಲದಲ್ಲಿ ಬಸಿಗಾಲುವೆಯಲ್ಲಿ ಹೋದ ಕೆಂಪು ನೀರು? ಕಾಡಿನಲ್ಲಿ ಕೈ ದಾಟುವ ನೋಟು ನಿಮ್ಮಲ್ಲಿ ಊರು ಬಿಟ್ಟು ಹೋಗುತ್ತಿದೆ. ಧರೆ ಮಣ್ಣು ಏರಿಸಿದರೆ ತೆರೆದ ಬೇರಿಗೆ ಹೊದಿಕೆ ಆಗುತ್ತದೆ, ಅದು ಒಳ್ಳೆಯದೇ. ಆದರೆ ಗೊಬ್ಬರ ಅಂತ ಲೆಕ್ಕ ಹಾಕಬೇಡಿ.

ಯಲ್ಲಾಪುರದ ಸದಸ್ಯರು: ನಮ್ಮಜ್ಜ ಕುಮರಿ ಬೇಸಾಯದ ಬಗ್ಗೆ ಹೇಳುತ್ತಿದ್ದರು. ಕಾಡು ಕಡಿದು ಸುಟ್ಟು ರಾಗಿ ಚೆಲ್ಲಿದರೆ ಮೊದಲ ವರ್ಷ ಕಣ ತುಂಬುತ್ತಿತ್ತಂತೆ, ಮೂರನೇ ವರ್ಷ ಬಿತ್ತಿದ ಬೀಜವೂ ವಾಪಸ್ ಬರುತ್ತಿರಲಿಲ್ಲವಂತೆ. ಇದೇ ಕಾರಣವಾ?

ಉತ್ತರ: ಇದೇ. ನೂರಾರು ವರ್ಷ ಮರ ಕೂಡಿಟ್ಟಿದ್ದು ಒಂದೇ ದಿನಕ್ಕೆ ಬೂದಿಯಾಗಿ ನೆಲಕ್ಕೆ ಬೀಳುತ್ತದೆ. ಬೂದಿ ಸುಣ್ಣದ ಹಾಗೆ ಹುಳಿ ಮಣ್ಣನ್ನೂ ಸರಿ ಮಾಡುತ್ತದೆ. ಆದರೆ ಹಿಡಿದುಕೊಳ್ಳುವ ಬೇರಿನ ಚಾಪೆ ಸುಟ್ಟು ಹೋಗಿದೆ. ಎರಡು ಮಳೆಗಾಲ ಸಾಕು, ತೊಳೆದುಕೊಂಡು ಹೋಗಲು. ಕುಮರಿ ಮಾಡುವವರಿಗೆ ಇದು ಗೊತ್ತಿತ್ತು. ಜಾಗ ಬಿಟ್ಟು ಮುಂದೆ ಹೋಗಿ, ಕಾಡು ಮತ್ತೆ ಏಳುವವರೆಗೆ ಆ ಕಡೆ ಬರುತ್ತಿರಲಿಲ್ಲ. ಅಮೆಜಾನ್‌ನಲ್ಲಿ ಕಾಡು ಸುಟ್ಟು ಹುಲ್ಲುಗಾವಲು ಮಾಡಿದವರಲ್ಲಿ ಎಷ್ಟೋ ಜನ ಕೆಲವೇ ವರ್ಷಕ್ಕೆ ಜಾಗ ಪಾಳು ಬಿಟ್ಟಿದ್ದೂ ಹೀಗೇ.

ಬೆಂಗಳೂರಿನ ಸದಸ್ಯರು: ಸಹಾರಾ ಮರುಭೂಮಿಯ ಧೂಳು ಹಾರಿ ಹೋಗಿ ಅಮೆಜಾನ್‌ಗೆ ಗೊಬ್ಬರ ಆಗುತ್ತೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ಸುಮ್ನೆ ಕಟ್ಟಿದ ಕಥೆ ತಾನೇ?

ಉತ್ತರ: ಈ ಸಲ ವಾಟ್ಸ್ಆ್ಯಪ್ ಸರಿ. 2015ರಲ್ಲಿ ಪ್ರಕಟವಾದ ನಾಸಾ ಉಪಗ್ರಹದ ಲೆಕ್ಕದಲ್ಲಿ, ವರ್ಷಕ್ಕೆ ಸುಮಾರು 2.77 ಕೋಟಿ ಟನ್ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಮೇಲೆ ಬೀಳುತ್ತದೆ. ಅದರಲ್ಲಿ ಒಂದು ಪಾಲು ಚಾಡ್ ದೇಶದ ಬೊಡೆಲೆ ಎಂಬ ತಗ್ಗಿನದು. ಅದು ಒಣಗಿದ ಹಳೇ ಕೆರೆಯ ತಳ, ರಂಜಕ ಜಾಸ್ತಿ. ಒಟ್ಟು ಧೂಳಿನಲ್ಲಿ ಸುಮಾರು 22,000 ಟನ್ ರಂಜಕ. ಕೇಳಲು ದೊಡ್ಡದು, ಹಂಚಿದರೆ ಹೆಕ್ಟೇರಿಗೆ ಇಪ್ಪತ್ತು ಚಿಲ್ಲರೆ ಗ್ರಾಂ. ಹೆಚ್ಚುಕಡಿಮೆ ನಿಮ್ಮ ಒಂದು ಅಡಿಕೆ ಮರದ ಪಾಲು! ಆದರೆ ಮಳೆ, ನೆರೆಯಲ್ಲಿ ಕಾಡು ಕಳೆದುಕೊಳ್ಳುವುದೂ ಹತ್ತಿರ ಹತ್ತಿರ ಅಷ್ಟೇ ಎನ್ನುವುದು ಅವರ ಅಂದಾಜು. ಅಷ್ಟು ಬಿಗಿ ಸಂಸಾರ.

ಸಾಗರದ ಸದಸ್ಯರು: ಎಲ್ಲಾ ಮಳೆಕಾಡಿನ ಮಣ್ಣೂ ಬಡವ ಅಂದರೆ ಒಪ್ಪಲು ಕಷ್ಟ ಸರ್. ಇಂಡೋನೇಷ್ಯಾದ ಜಾವಾದಲ್ಲಿ ಎಷ್ಟು ಬೆಳೆಯುತ್ತಾರೆ!

ಉತ್ತರ: ಸರಿಯಾಗಿ ಹಿಡಿದಿರಿ. ಜಾವಾದಲ್ಲಿ ಜ್ವಾಲಾಮುಖಿಗಳು ಹೊಸ ಬೂದಿ ಸುರಿಯುತ್ತಲೇ ಇರುತ್ತವೆ, ಮಣ್ಣಿಗೆ ವಯಸ್ಸೇ ಆಗಿಲ್ಲ. ಅಮೆಜಾನ್‌ನಲ್ಲೂ ನೆರೆ ಬಂದು ಆಂಡೀಸ್ ಬೆಟ್ಟದ ಹೂಳು ಬಿಟ್ಟು ಹೋಗುವ ನದಿ ಅಂಚು ಫಲವತ್ತು. ಇನ್ನು ಅಲ್ಲಿನ ಮೂಲ ನಿವಾಸಿಗಳು ಇದ್ದಿಲು, ಮೂಳೆ, ಅಡುಗೆಮನೆ ಕಸ ಸೇರಿ ಸೇರಿ ಕಪ್ಪಾದ ನೆಲವನ್ನೂ ಬಿಟ್ಟು ಹೋಗಿದ್ದಾರೆ. 'ಟೆರ್ರಾ ಪ್ರೆಟಾ' ಅನ್ನುತ್ತಾರೆ. ಅಗೆದರೆ ಮಡಕೆ ಚೂರು ಸಿಗುತ್ತವೆ, ಇವತ್ತಿಗೂ ಬೆಳೆ ಚೆನ್ನಾಗಿ ಬರುತ್ತದೆ. ನಾನು ಹೇಳಿದ್ದು ಹಳೇ ಕೆಂಪು ಮಣ್ಣಿನ ಕಾಡಿನ ಮಾತು. ನಮ್ಮ ಘಟ್ಟದಲ್ಲಿ ಅದೇ ಜಾಸ್ತಿ.

ಪ್ರಶ್ನೆ ಕೇಳಿದವರು: ಸರ್, ಅಗೆದು ನೋಡಿದೆ. ಎಲೆ ಎತ್ತಿದರೆ ಬೇರು ಜೊತೆಗೇ ಬಂತು! ಕಪ್ಪು ಮಣ್ಣು ಮೂರು ಬೆರಳೂ ಇಲ್ಲ. ಒಂದೂವರೆ ಅಡಿಗೆ ಜಂಬಿಟ್ಟಿಗೆ ಸಿಕ್ಕಿತು. ಟ್ರ್ಯಾಲಿ ಕ್ಯಾನ್ಸಲ್. ಈಗ ಬೆಟ್ಟದ ದರಗನ್ನೇ ಪೂರ್ತಿ ಗುಡಿಸಿ ತಂದುಬಿಡಲಾ?

ಉತ್ತರ: ಪೂರ್ತಿ ಗುಡಿಸಬೇಡಿ. ಹಿರಿಯರು ತೋಟಕ್ಕೆ ಅಷ್ಟೊಂದು ಸೊಪ್ಪಿನಬೆಟ್ಟ ಇಟ್ಟುಕೊಂಡಿದ್ದು ಸುಮ್ನೆ ಅಲ್ಲ. ವರ್ಷಕ್ಕೊಂದು ಕಡೆ ತಂದು ಉಳಿದ ಕಡೆ ಬಿಡಬೇಕು. ಇಲ್ಲದಿದ್ದರೆ ನಾಲ್ಕು ವರ್ಷಕ್ಕೆ ಬೆಟ್ಟವೂ ತೋಟದ ಹಾಗೆ ಸೊರಗುತ್ತದೆ. ಮೊದಲು ಸಿಪ್ಪೆ, ಸೋಗೆ ಹೊರಗೆ ಹೋಗುವುದನ್ನು ನಿಲ್ಲಿಸಿ. ಸಿಪ್ಪೆಯಲ್ಲಿ ಪೊಟ್ಯಾಷ್ ಒಳ್ಳೆಯ ಪ್ರಮಾಣದಲ್ಲಿದೆ, ಅದನ್ನು ಒಲೆಗೆ ಹಾಕಿದರೂ ಬೂದಿ ತೋಟಕ್ಕೇ ಬರಲಿ. ಮರಕ್ಕೆ ವರ್ಷಕ್ಕೆ 12 ಕೆಜಿ ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಅಂತ ಶಿಫಾರಸು ಇದೆ. 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ (ಇದು ಗೊಬ್ಬರದ ಚೀಲದ P2O5 ಲೆಕ್ಕ, ಅದರಲ್ಲಿ ಬರೀ ರಂಜಕ ಸುಮಾರು 17 ಗ್ರಾಂ), 140 ಗ್ರಾಂ ಪೊಟ್ಯಾಷ್ ಅದರ ಜೊತೆಗೆ. ರಂಜಕ ಕೊಡುವಾಗ ಗೊಬ್ಬರದಲ್ಲಿ ಕಲೆಸಿ ಕೊಡಿ. ನಾನು ಹೊಸದರಲ್ಲಿ ನಮ್ಮ ಮನೆ ತೋಟಕ್ಕೆ ಸೂಪರ್ ಫಾಸ್ಫೇಟನ್ನು ಕೆಂಪು ಮಣ್ಣಿಗೆ ನೇರ ಸುರಿದಿದ್ದೆ. ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಕಚ್ಚಿ ಹಿಡಿದು ಗಿಡಕ್ಕೆ ಬಿಡಲೇ ಇಲ್ಲ. ಅಪ್ಪ ಬೈದದ್ದು ಇನ್ನೂ ನೆನಪಿದೆ.

ಸೊರಗಿದ್ದಕ್ಕೆ ರೋಗವೂ ಕಾರಣ ಇರಬಹುದು, ಸೋಗೆಯ ಫೋಟೋ ಹಾಕಿ. ಮಣ್ಣು ಪರೀಕ್ಷೆಗೆ ತೋಟದ್ದು, ಬೆಟ್ಟದ್ದು ಎರಡೂ ಮಾದರಿ ಒಂದೇ ಆಳದಿಂದ ತೆಗೆಯಿರಿ, ಮೇಲಿನ ದರಗು ಸೇರಿಸಬೇಡಿ. ರಂಜಕ ಬೆಟ್ಟಕ್ಕಿಂತ ನಿಮ್ಮ ತೋಟದಲ್ಲೇ ಜಾಸ್ತಿ ಅಂತ ಬಂದರೆ ಲ್ಯಾಬಿನವರ ಜೊತೆ ಜಗಳಕ್ಕೆ ಹೋಗಬೇಡಿ, ವರದಿ ಇಲ್ಲಿ ಹಾಕಿ.